ಮಗುವಿನ ಯಕೃತ್ತಿನ ಕೊಬ್ಬು ಮತ್ತು ಮನೆಯ ಮೊಸರು

ಬೆಳಗಾವಿ ನಗರದ ತಾಯಿಯೊಬ್ಬರು ತಮ್ಮ 11 ವರ್ಷದ ಮಗನನ್ನು ತಪಾಸಣೆಗೆ ಕರೆತಂದಿದ್ದರು. ಸ್ಥೂಲಕಾಯದ ಆ ಬಾಲಕನ ಕತ್ತಿನ ಹಿಂಭಾಗದ ಚರ್ಮವು ಕಪ್ಪಾಗಿ ದಪ್ಪಗಾಗಿತ್ತು. ಕೊಳೆಯೆಂದು ಭಾವಿಸಿ ಅದನ್ನು ತಿಂಗಳುಗಟ್ಟಲೆ ತಿಕ್ಕಿ ತೊಳೆದಿದ್ದರು. ಅದು ಕೊಳೆಯಲ್ಲ, ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬುದರ ಸೂಚನೆ. ಸೋನೋಗ್ರಫಿಯಲ್ಲಿ ಯಕೃತ್ತಿನಲ್ಲಿ ಕೊಬ್ಬು ಸೇರಿರುವುದು ಕಂಡುಬಂದಿತು. ತಾಯಿ ಕೈಚೀಲದಿಂದ ಡಬ್ಬಿಯೊಂದನ್ನು ತೆಗೆದು, “ಡಾಕ್ಟರ್ರ, ಈ ಪ್ರೊಬಯಾಟಿಕ್ ಗುಳಿಗಿ ಕೊಟ್ರ ಸಾಕಲ್ರಿ?” ಎಂದು ಕೇಳಿದರು.

ಹೆಚ್ಚಾಗಿ ತಿಂದ ಸಕ್ಕರೆ ಮತ್ತು ಪಿಷ್ಟವನ್ನು ಯಕೃತ್ತು ಕೊಬ್ಬಾಗಿ ಪರಿವರ್ತಿಸುತ್ತದೆ. ಯಕೃತ್ತಿನ ಜೀವಕೋಶಗಳಲ್ಲಿ ಶೇ. 5ಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬು ತುಂಬಿದಾಗ ಅದು ರೋಗವೆನಿಸುತ್ತದೆ. ನೋವಿಲ್ಲ, ಜ್ವರವಿಲ್ಲ, ಆದುದರಿಂದಲೇ ಅಪಾಯ. ಕೆಲವು ಮಕ್ಕಳಲ್ಲಿ ಉರಿಯೂತ ಉಂಟಾಗಿ, ವರ್ಷಗಳ ತರುವಾಯ ಯಕೃತ್ತು ಗಡುಸಾಗುತ್ತದೆ. ಮೊದಲ ಹಂತದಲ್ಲಿ ಎಚ್ಚೆತ್ತರೆ ಕೊಬ್ಬು ಕರಗಿ ಯಕೃತ್ತು ಮೊದಲಿನಂತಾಗಬಲ್ಲುದು. ಮದ್ಯಪಾನದಿಂದಲ್ಲದೆ ಬರುವ ಈ ರೋಗವನ್ನು ಭಾರತ ಸರ್ಕಾರವು 2021ರಲ್ಲಿ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸೇರಿಸಿತು.

ಇನ್ನು ಗುಳಿಗೆಯ ವಿಚಾರ. ಕರುಳಿನಿಂದ ಹೊರಡುವ ರಕ್ತವು ಮೊದಲು ಯಕೃತ್ತಿಗೇ ಹೋಗುತ್ತದೆ. ಕರುಳಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳ ಸಮತೋಲ ತಪ್ಪಿದರೆ ಅವುಗಳ ವಿಷವಸ್ತುಗಳೂ ಅದೇ ದಾರಿಯಲ್ಲಿ ಸಾಗಿ ಉರಿಯೂತವನ್ನು ಹೆಚ್ಚಿಸಬಹುದು. ಪ್ರೊಬಯಾಟಿಕ್ ಎಂದರೆ ಈ ಸಮತೋಲಕ್ಕೆ ನೆರವಾಗಲೆಂದು ಕೊಡುವ ಜೀವಂತ ಸೂಕ್ಷ್ಮಜೀವಿಗಳು. ಇಟಲಿಯಲ್ಲಿ 20 ಸ್ಥೂಲಕಾಯದ ಮಕ್ಕಳ ಮೇಲೆ 8 ವಾರ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯಕೃತ್ತಿನ ರಕ್ತಪರೀಕ್ಷೆಯು ಉತ್ತಮಗೊಂಡಿತು. 2014ರಲ್ಲಿ ಅಲ್ಲಿಯೇ 44 ಮಕ್ಕಳ ಮೇಲಿನ 4 ತಿಂಗಳ ಇನ್ನೊಂದು ಅಧ್ಯಯನದಲ್ಲಿ ಸೋನೋಗ್ರಫಿಯಲ್ಲಿ ಕೊಬ್ಬು ಕಡಿಮೆಯಾದುದು ಕಂಡಿತು. ಭರವಸೆ ಮೂಡಿಸುವ ಫಲಿತಾಂಶಗಳೇ ಸರಿ. ಆದರೆ ಮಕ್ಕಳ ಸಂಖ್ಯೆ ಅಲ್ಪ, ಅವಧಿಯೂ ಅಲ್ಪ. ಆದ್ದರಿಂದ ಇದನ್ನು ಈ ರೋಗದ ನಿಯತ ಚಿಕಿತ್ಸೆಯೆಂದು ಹೇಳಲಾಗದು. ರೋಗನಿರೋಧಕ ಶಕ್ತಿ ಕುಂದಿದ ಮಕ್ಕಳಿಗಂತೂ ವೈದ್ಯರನ್ನು ಕೇಳದೆ ಕೊಡಲೇಬಾರದು.

ಮನೆಯಲ್ಲಿ ಹೆಪ್ಪು ಹಾಕಿದ ಮೊಸರು, ಮಜ್ಜಿಗೆ ಉತ್ತಮ ಆಹಾರ. ಅದರಲ್ಲಿ ಜೀವಂತ ಜೀವಾಣುಗಳಿವೆ. ಆದರೆ ಅವು ಗುಳಿಗೆಯಲ್ಲಿರುವ ಆಯ್ದ ತಳಿಗಳಲ್ಲ. ಸಕ್ಕರೆ ಬೆರೆಸಿದ ಲಸ್ಸಿಯಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. 250 ಮಿ.ಲೀ. ತಂಪು ಪಾನೀಯದಲ್ಲಿ ಸುಮಾರು 5–6 ಚಮಚ ಸಕ್ಕರೆ ಇರುತ್ತದೆ. ಬೆಳಗಾವಿಯ ಕುಂದಾ ಹಬ್ಬಕ್ಕಿರಲಿ, ನಿತ್ಯಕ್ಕೆ ಬೇಡ.

ಖಾನಾಪುರದ ಕಡೆಯ ಪಾಲಕರು ಇದನ್ನು ಪೇಟೆಯ ಮಕ್ಕಳ ಕಾಯಿಲೆ ಎನ್ನುವುದುಂಟು. ಕರಿದ ತಿಂಡಿಯ ಪೊಟ್ಟಣ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ತೂಗಾಡುತ್ತಿರುವಾಗ ಈ ಮಾತು ನಿಲ್ಲದು. ಆದರೆ ಒಂದು ಎಚ್ಚರಿಕೆ: ಅದೇ ಮನೆಯಲ್ಲಿ ಕೃಶವಾದ ಮಗುವಿದ್ದರೆ ಅದರ ಊಟವನ್ನು ಕಡಿತಗೊಳಿಸಕೂಡದು. ಸ್ಥೂಲಕಾಯದ ಮಗುವಿಗೂ ಉಪವಾಸ ಸಲ್ಲದು. ರೊಟ್ಟಿ ಅಥವಾ ಅನ್ನವನ್ನು ಮಿತವಾಗಿ, ಕಾಳು-ಪಲ್ಯವನ್ನು ಧಾರಾಳವಾಗಿ ಬಡಿಸಬೇಕು. ದಿನಕ್ಕೆ 60 ನಿಮಿಷ ಬೆವರು ಬರುವಂತೆ ಆಡಗೊಡಬೇಕು.

ಮೇಲೆ ಹೇಳಿದ ಬಾಲಕನ ಮನೆಯವರು ಗುಳಿಗೆಯನ್ನು ಬದಿಗಿಟ್ಟು ತಂಪು ಪಾನೀಯವನ್ನು ನಿಲ್ಲಿಸಿದರು. ಹುಡುಗ ಸಂಜೆ ಖೋ-ಖೋ ಆಡತೊಡಗಿದ. ಆರು ತಿಂಗಳ ನಂತರ ತೂಕ ಇಳಿದಿರಲಿಲ್ಲ. ಆದರೆ ಎತ್ತರ 3 ಸೆಂ.ಮೀ. ಹೆಚ್ಚಿತ್ತು. ಬೆಳೆಯುವ ಮಗುವಿನಲ್ಲಿ ಇದೂ ಸುಧಾರಣೆಯೇ. ರಕ್ತದಲ್ಲಿ ಎಸ್‌ಜಿಪಿಟಿ ಪ್ರಮಾಣವೂ ತಗ್ಗಿತ್ತು. ಮತ್ತೆ ಆರು ತಿಂಗಳಿಗೆ ಬರಲು ತಿಳಿಸಿದೆ.