ನಿಮ್ಮ ನೆರಳು ಎಷ್ಟು ಉದ್ದ ಉಂಟು?

ವಿದ್ಯಾರ್ಥಿಗಳೇ, ದಿನದಲ್ಲಿ ಬಿಸಿಲು ಅತ್ಯಂತ ಜೋರಾಗಿರುವುದು ಯಾವಾಗ? ತರಗತಿಯಲ್ಲಿ ಕೇಳಿದರೆ ಹೆಚ್ಚಿನವರ ಉತ್ತರ "ಊಟ ಆದ ಮೇಲೆ ಸಾರ್, ಎರಡು, ಎರಡೂವರೆ ಗಂಟೆಗೆ" ಎಂದು. ಸೆಕೆಯ ಮಟ್ಟಿಗೆ ಈ ಉತ್ತರ ಸರಿ. ಚರ್ಮದ ಮಟ್ಟಿಗೆ ತಪ್ಪು. ಈ ಎರಡನ್ನು ಬೇರೆ ಮಾಡಿ ನೋಡಲು ಕಲಿತರೆ ಅರ್ಧ ಪಾಠ ಮುಗಿದ ಹಾಗೆ.

ಬಿಸಿಲು ಮೊದಲು ನೆಲವನ್ನು ಕಾಯಿಸುತ್ತದೆ, ನೆಲ ಗಾಳಿಯನ್ನು ಕಾಯಿಸುತ್ತದೆ. ಇದಕ್ಕೆ ಹೊತ್ತು ಬೇಕು. ಆದ್ದರಿಂದ ಸೂರ್ಯ ನೆತ್ತಿಯಿಂದ ಇಳಿದ ಮೇಲೂ ಸೆಕೆ ಏರುತ್ತಲೇ ಇರುತ್ತದೆ. ಆದರೆ ಚರ್ಮವನ್ನು ಸುಡುವ ಅತಿನೇರಳೆ ಕಿರಣಗಳಿಗೆ ಈ ತಡ ಇಲ್ಲ. ಸೂರ್ಯ ಎತ್ತರಕ್ಕೆ ಬಂದಷ್ಟೂ ಕಿರಣಗಳು ವಾತಾವರಣದಲ್ಲಿ ದಾಟಬೇಕಾದ ದಾರಿ ಕಡಿಮೆ, ಕೆಳಗೆ ತಲಪುವ ಪಾಲು ಹೆಚ್ಚು. ಸೂರ್ಯ ಅತಿ ಎತ್ತರದಲ್ಲಿರುವುದು ನಮ್ಮ ಕಾಸರಗೋಡಿನಲ್ಲಿ ಗಡಿಯಾರದ 12 ಗಂಟೆಗೂ ಅಲ್ಲ. ಭಾರತದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು, ನಾವಿರುವುದು 75ರಲ್ಲಿ. ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ ನಮ್ಮ ನಿಜವಾದ ನಡುಮಧ್ಯಾಹ್ನ ಸುಮಾರು 12:30ಕ್ಕೆ. ತಿಂಗಳಿಗೆ ತಕ್ಕ ಹಾಗೆ ಕಾಲು ಗಂಟೆ ಆಚೆ ಈಚೆ. ಅಂದರೆ ಊಟದ ಬೆಲ್ ಹೊಡೆದು ನೀವು ಅಂಗಳಕ್ಕೆ ಓಡುವ ಹೊತ್ತು!

ಅತಿನೇರಳೆ ಕಿರಣ ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬಿಸಿಯಾಗಿಯೂ ತಿಳಿಯುವುದಿಲ್ಲ. 1801ರಲ್ಲಿ ಜರ್ಮನಿಯ ರಿಟ್ಟರ್ ಎಂಬವರು ಬಿಳಿ ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ನೇರಳೆಯ ಆಚೆಗೆ, ಏನೂ ಕಾಣದ ಜಾಗದಲ್ಲಿ ಸಿಲ್ವರ್ ಕ್ಲೋರೈಡ್ ಇಟ್ಟಾಗ ಅದು ಬೇಗ ಕಪ್ಪಾಯಿತು. ಹಾಗೆ ಇದು ಗೊತ್ತಾದದ್ದು. ಇದರಲ್ಲಿ ಮೂರು ಪಾಲು: 280 ನ್ಯಾನೊಮೀಟರಿಗಿಂತ ಕಡಿಮೆ ತರಂಗದೂರದ ಯು.ವಿ.ಸಿ, 280ರಿಂದ 315ರ ವರೆಗಿನ ಯು.ವಿ.ಬಿ, 315ರಿಂದ 400ರ ವರೆಗಿನ ಯು.ವಿ.ಎ. ಮೊದಲನೆಯದು ಮೇಲೆಯೇ ತಡೆಯಲ್ಪಡುತ್ತದೆ. ಯು.ವಿ.ಬಿಯ ಹೆಚ್ಚಿನ ಪಾಲನ್ನು ಓಝೋನ್ ಹೀರಿಕೊಳ್ಳುತ್ತದೆ. ಉಳಿದು ಬರುವ ಅಲ್ಪವೇ ಚರ್ಮ ಸುಡುವುದಕ್ಕೆ ಮುಖ್ಯ ಕಾರಣ. ನೆಲಕ್ಕೆ ಬರುವುದರಲ್ಲಿ ಬಹುಪಾಲು ಯು.ವಿ.ಎ, ಅದು ಚರ್ಮದಲ್ಲಿ ಇನ್ನೂ ಆಳಕ್ಕೆ ಹೋಗುತ್ತದೆ, ಬಸ್ಸಿನ ಕಿಟಕಿಯ ಗಾಜನ್ನೂ ಬಹಳಷ್ಟು ದಾಟುತ್ತದೆ.

ಕಾಣದ್ದನ್ನು ಅಳೆಯುವುದು ಹೇಗೆ? ನಿಮ್ಮ ನೆರಳನ್ನು ನೋಡಿ. ಸಮತಟ್ಟಾದ ಜಾಗದಲ್ಲಿ ನಿಂತಾಗ ನೆರಳು ನಿಮಗಿಂತ ಗಿಡ್ಡ ಇದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ. ಚರ್ಮವನ್ನು ಕಾಯಬೇಕಾದ ಹೊತ್ತು. ನೆರಳು ನಿಮಗಿಂತ ಉದ್ದ ಇದ್ದರೆ ಅಷ್ಟು ಚಿಂತೆ ಬೇಡ. ಮಾರ್ಚ್ 20ರ ಸುಮಾರಿಗೆ ಇಲ್ಲಿ ಬೆಳಿಗ್ಗೆ ಸುಮಾರು 9:45ರಿಂದ ಮಧ್ಯಾಹ್ನ 3:30ರ ವರೆಗೆ ನೆರಳು ಗಿಡ್ಡ ಇರುತ್ತದೆ. ಏಪ್ರಿಲ್ 24ರ ಆಸುಪಾಸಿನಲ್ಲಿ ಒಂದು ದಿನ, ಆಗಸ್ಟ್ ಮೂರನೇ ವಾರದಲ್ಲಿ ಇನ್ನೊಂದು ದಿನ ಸೂರ್ಯ ನೇರ ನೆತ್ತಿಗೇ ಬರುವುದರಿಂದ ನೆರಳು ಕಾಲಡಿಗೆ ಸೇರಿಬಿಡುತ್ತದೆ. ಡಿಸೆಂಬರಿನಲ್ಲಿ? ಆಗಲೂ ನಡುಮಧ್ಯಾಹ್ನ 150 ಸೆಂ.ಮೀ. ಎತ್ತರದವರ ನೆರಳು 109 ಸೆಂ.ಮೀ. ಮಾತ್ರ. ವರ್ಷದಲ್ಲಿ ಒಂದು ದಿನವೂ ನಮಗೆ ರಜೆ ಇಲ್ಲ ಎಂದಾಯ್ತು.

ಬೇಸಿಗೆಯಲ್ಲಿ ಕೇರಳ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಯು.ವಿ. ಸೂಚ್ಯಂಕ ಪ್ರಕಟಿಸುವುದನ್ನು ಪತ್ರಿಕೆಯಲ್ಲಿ ನೋಡಿರಬಹುದು. 8ರಿಂದ 10 ಎಂದರೆ ಬಹಳ ಹೆಚ್ಚು, 11 ದಾಟಿದರೆ ವಿಪರೀತ. ವಿಶ್ವ ಆರೋಗ್ಯ ಸಂಸ್ಥೆ 3ರಿಂದಲೇ ಜಾಗ್ರತೆ ಬೇಕು ಎನ್ನುತ್ತದೆ. ತೆಳು ಮೋಡ ಇದ್ದರೆ ಸಾಕು ಎಂದು ತಿಳಿಯಬೇಡಿ. ಅದರ ಮೂಲಕ ಶೇಕಡಾ 80ರಷ್ಟೂ ಹಾದುಬರಬಹುದು. ನೀಲಗಿರಿಯ ತಂಪೂ ಹಾಗೆಯೇ ಮೋಸ ಮಾಡುತ್ತದೆ: ಪ್ರತಿ 1000 ಮೀಟರ್ ಎತ್ತರಕ್ಕೆ ಅತಿನೇರಳೆ ಶೇಕಡಾ 10ರಷ್ಟು ಏರುತ್ತದೆ. ಊಟಿಯಲ್ಲಿ ಸ್ವೆಟರ್ ಹಾಕಿಕೊಂಡು ಮುಖ ಸುಟ್ಟುಕೊಂಡು ಬರುವವರಿದ್ದಾರೆ.

ಈಗ ಬಟ್ಟೆಯ ವಿಷಯ. ಕ್ರೀಮಿಗಿಂತ ಮೊದಲು ಬಟ್ಟೆ, ಯಾಕೆಂದರೆ ಅದು ಬೆವರಿಗೆ ಕರಗುವುದಿಲ್ಲ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಾಗಿಲ್ಲ, ಮನೆಯಲ್ಲೇ ಉಂಟು. ಬಟ್ಟೆಯ ತಡೆಯುವ ಶಕ್ತಿಯನ್ನು ಯು.ಪಿ.ಎಫ್. ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. 50 ಇದ್ದರೆ ಬಿದ್ದದ್ದರಲ್ಲಿ ಐವತ್ತರಲ್ಲಿ ಒಂದು ಪಾಲು ಮಾತ್ರ ಒಳಗೆ ಬರುತ್ತದೆ. ತೆಳು ಬಿಳಿ ಹತ್ತಿ ಅಂಗಿಗಳು ಅನೇಕ ಸಲ 10ನ್ನೂ ದಾಟುವುದಿಲ್ಲ. ಮುಖ್ಯವಾದದ್ದು ನೇಯ್ಗೆ. ಬಟ್ಟೆಯನ್ನು ಕಿಟಕಿಗೆ ಹಿಡಿಯಿರಿ. ಎಳೆಗಳ ನಡುವೆ ಬೆಳಕಿನ ಚುಕ್ಕಿಗಳು ಕಂಡರೆ ಅಲ್ಲಿಂದ ಅತಿನೇರಳೆಯೂ ನುಸುಳುತ್ತದೆ. ಮೈಗೆ ಬಿಗಿಯಾಗಿ ಎಳೆದು ನಿಂತ ಬನಿಯನ್ ಬಟ್ಟೆಯಲ್ಲಿ ಈ ತೂತುಗಳು ಅಗಲವಾಗುತ್ತವೆ. ಬಟ್ಟೆ ಒದ್ದೆಯಾದರೆ? ಗೋಳಿಬಜೆ ಕಟ್ಟಿದ ಪೇಪರು ಎಣ್ಣೆ ಹೀರಿ ಆಚೆಬದಿ ಕಾಣುವ ಹಾಗಾಗುತ್ತದಲ್ಲ, ಅದೇ ಸಂಗತಿ. ನೀರು ಎಳೆಗಳ ನಡುವಿನ ಗಾಳಿಯ ಜಾಗ ತುಂಬಿ, ಬೆಳಕು ಚದುರುವುದು ಕಡಿಮೆಯಾಗಿ, ಹೆಚ್ಚು ಬೆಳಕು ಒಳಗೆ ಹೋಗುತ್ತದೆ. ಸಮುದ್ರದಲ್ಲಿ ಬಿಳಿ ಬನಿಯನ್ ಹಾಕಿ ಗಂಟೆಗಟ್ಟಲೆ ಆಡುವವರು ಇದನ್ನು ನೆನಪಿಡಿ.

ಗಾಢ ಬಣ್ಣ ಹೆಚ್ಚು ಅತಿನೇರಳೆ ಹೀರುತ್ತದೆ, ಆದರೆ ಶಾಖವನ್ನೂ ಹೀರುತ್ತದೆ. ಜೀನ್ಸ್ ಬಟ್ಟೆಯನ್ನು ದಾಟಿ ಹೆಚ್ಚುಕಡಿಮೆ ಏನೂ ಬರುವುದಿಲ್ಲ. ನಮ್ಮ ಕರಾವಳಿಯ ಬೆವರಿನಲ್ಲಿ ಅದನ್ನು ಹಾಕಿ ತೋಟದಲ್ಲಿ ಕೆಲಸ ಮಾಡಿದರೆ ತಲೆ ತಿರುಗಿ ಬೀಳಬೇಕಷ್ಟೆ. ನನ್ನ ಆಯ್ಕೆ: ಒತ್ತಾಗಿ ನೇಯ್ದ, ಸಡಿಲವಾದ, ಉದ್ದ ತೋಳಿನ ಹತ್ತಿ ಅಂಗಿ. ಗೇರುಬೀಜ ಹೆಕ್ಕುವ ಹೆಂಗಸರು ಸೀರೆಯ ಮೇಲೆ ಗಂಡಸರ ಹಳೆ ಅಂಗಿ ಹಾಕಿಕೊಳ್ಳುವುದನ್ನು ನೋಡಿ ನಗಬೇಡಿ. ವಿಜ್ಞಾನ ಅವರ ಕಡೆಗಿದೆ. ಅಡಿಕೆ ಹಾಳೆಯ ಮುಟ್ಟಾಳೆ ತಲೆಗೆ ಒಳ್ಳೆಯ ರಕ್ಷಣೆ, ಆದರೆ ಕಿವಿ, ಕುತ್ತಿಗೆ ಹೊರಗೆ. ಒಳಗಿನಿಂದ ಒಂದು ಬೈರಾಸು ಇಳಿಬಿಟ್ಟರೆ ಆ ಕೊರತೆಯೂ ತೀರಿತು. ಕೊಡೆ ನೇರ ಬಿಸಿಲನ್ನು ತಡೆಯುತ್ತದೆ. ಆಕಾಶದಿಂದ ಚದುರಿ ಬರುವುದನ್ನು ಅಲ್ಲ. ಹುಡುಗರಿಗೆ ಮಳೆಗೆ ಕೊಡೆ ಆಗ್ತದೆ, ಬಿಸಿಲಿಗೆ ನಾಚಿಕೆ. ಯಾಕೋ!

"ಬಿಸಿಲಿಗೆ ಹೋಗಬೇಡ, ಕಪ್ಪಾಗ್ತಿ" ಎಂಬ ಮಾತು ನೀವೆಲ್ಲ ಕೇಳಿದ್ದೀರಿ. ಈ ಪಾಠ ಅದಕ್ಕಾಗಿ ಅಲ್ಲ. ಕಪ್ಪಾಗುವುದೆಂದರೆ ಚರ್ಮ ಮೆಲನಿನ್ ಎಂಬ ವರ್ಣದ್ರವ್ಯವನ್ನು ಹೆಚ್ಚಿಸಿ ತನ್ನ ಜೀವಕೋಶಗಳ ಡಿ.ಎನ್.ಎ.ಯನ್ನು ಕಾಪಾಡಿಕೊಳ್ಳುವುದು. ಅದು ಕೊಳೆಯೂ ಅಲ್ಲ, ಕುಂದೂ ಅಲ್ಲ. ಬೆಳ್ಳಗಾಗಲು ಹೊರಟು ಹಾಳಾದವರಿದ್ದಾರೆ: ನಮ್ಮದೇ ರಾಜ್ಯದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ, ಪಾದರಸ ಸೇರಿದ ಬಿಳಿಗೊಳಿಸುವ ಕ್ರೀಮುಗಳನ್ನು ಹಚ್ಚಿದವರಲ್ಲಿ ಮೂತ್ರಪಿಂಡದ ಕಾಯಿಲೆಯನ್ನು ವೈದ್ಯರು ಗುರುತಿಸಿದರು. ಕಪ್ಪು ಚರ್ಮಕ್ಕೆ ಸಹಜ ರಕ್ಷಣೆ ಉಂಟು, ಪೂರ್ತಿ ಇಲ್ಲ. ನಮ್ಮಲ್ಲಿ ಸುಟ್ಟದ್ದು ಕೆಂಪಾಗಿ ಕಾಣದೆ ಇರಬಹುದು. ರಾತ್ರಿ ಉರಿ, ಮುಟ್ಟಿದರೆ ನೋವು, ಕೆಲವು ದಿನ ಬಿಟ್ಟು ಸಿಪ್ಪೆ ಏಳುವುದು ಇದರ ಗುರುತು. ಕಣ್ಣಿಗಂತೂ ಮೆಲನಿನ್ನಿನ ಕಾವಲು ಸಾಲದು. ವರ್ಷಗಟ್ಟಲೆ ಬಿಸಿಲು ಬಿದ್ದರೆ ಕಣ್ಣಿನ ಪೊರೆ ಬರುವ ಅಪಾಯ ಹೆಚ್ಚು.

ನಿಮ್ಮ ತರಗತಿಯಲ್ಲಿ ಬಿಳಿ ಮಚ್ಚೆ, ಅಂದರೆ ತೊನ್ನು, ಇರುವ ಗೆಳೆಯರಿರಬಹುದು. ಆ ಮಚ್ಚೆಯ ಜಾಗದಲ್ಲಿ ಮೆಲನಿನ್ ಇಲ್ಲ; ನಿಮಗೆ ಏನೂ ಆಗದ ಬಿಸಿಲು ಅವರಿಗೆ ಸುಡುತ್ತದೆ. ಆಟದ ಪೀರಿಯಡಿನಲ್ಲಿ ಅವರು ಉದ್ದ ತೋಳಿನ ಅಂಗಿ ಹಾಕಿದರೆ, ನೆರಳಿನ ಬದಿಗೆ ನಿಂತರೆ "ಎಂತ ಸ್ಟೈಲಾ?" ಎಂದು ಕೇಳುವುದು ಬೇಡ. ತೊನ್ನು ಮುಟ್ಟಿದರೆ ಹರಡುವುದಿಲ್ಲ, ಒಟ್ಟಿಗೆ ಕೂತು ಉಂಡರೂ ಹರಡುವುದಿಲ್ಲ. ಸಮವಸ್ತ್ರದ ತೋಳು ಉದ್ದ ಮಾಡಿಕೊಳ್ಳಬೇಕೆಂದಿದ್ದರೆ ತರಗತಿಯ ಟೀಚರಲ್ಲಿ ಧೈರ್ಯವಾಗಿ ಹೇಳಿ. ಇನ್ನೊಂದು ವಿಷಯ: ಮಳೆಗಾಲದಲ್ಲಿ ಇಲಿಜ್ವರ ಬಾರದ ಹಾಗೆ ಗದ್ದೆಯವರಿಗೆ, ಉದ್ಯೋಗ ಖಾತರಿಯವರಿಗೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುತ್ತಾರೆ. ಆ ಮಾತ್ರೆ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡಬಹುದು. ಮಾತ್ರೆ ಬಿಡುವುದು ಬೇಡ; ಮಳೆ ಬಿಟ್ಟು ಬಿಸಿಲು ಬಂದಾಗ ಕೈ ಮುಚ್ಚಿಕೊಳ್ಳಲು ಅಮ್ಮನಿಗೋ ಅಜ್ಜಿಗೋ ಹೇಳಿ.

ಹಾಗೆಂದು ಮನೆಯೊಳಗೆ ಕೂರಬೇಡಿ. ವಿಟಮಿನ್ ಡಿ ತಯಾರಾಗಲು ಇದೇ ಯು.ವಿ.ಬಿ. ಬೇಕು. ಆಟ ಆಡಿ, ನೆರಳು ಗಿಡ್ಡ ಇರುವ ಹೊತ್ತಿನಲ್ಲಿ ಮರದಡಿ ಆಡಿ.

ಒಂದು ಪ್ರಯೋಗ. ನೋಟು ಪರೀಕ್ಷಿಸುವ ನೇರಳೆ ಟಾರ್ಚನ್ನು ಟೀಚರ ಕೈಯಲ್ಲಿ ಹಿಡಿಸಿ, ಕತ್ತಲೆ ಕೋಣೆಯಲ್ಲಿ ಬಿಳಿ ಎ4 ಕಾಗದಕ್ಕೆ ಹಾಕಿದರೆ ಕಾಗದ ನೀಲಿಯಾಗಿ ಹೊಳೆಯುತ್ತದೆ. ಟಾರ್ಚಿನ ಬಾಯಿಗೆ ಕೊಡೆಬಟ್ಟೆ, ಸಮವಸ್ತ್ರದ ಬಟ್ಟೆ, ಅದನ್ನೇ ಒದ್ದೆ ಮಾಡಿ, ಒಂದೊಂದಾಗಿ ಹಿಡಿದು ಹೊಳಪು ಎಷ್ಟು ಉಳಿಯುತ್ತದೆ ನೋಡಿ. ಟಾರ್ಚನ್ನು ಕಣ್ಣಿಗೆ ಬಿಡಬಾರದು. ಇದು ಯು.ವಿ.ಎ. ಮಾತ್ರ ಎಂಬುದನ್ನು ಪುಸ್ತಕದಲ್ಲಿ ಬರೆದುಕೊಳ್ಳಿ.

ಹತ್ತನೆಯವರಿಗೆ ಒಂದು ಲೆಕ್ಕ: ಡಿಸೆಂಬರ್ 21ರ ನಡುಮಧ್ಯಾಹ್ನ ಸೂರ್ಯನ ಎತ್ತರ ಸಿಗಬೇಕಾದರೆ 90ರಿಂದ ನಿಮ್ಮೂರಿನ ಅಕ್ಷಾಂಶವನ್ನೂ 23.4ನ್ನೂ ಕಳೆಯಿರಿ. ನಿಮ್ಮ ಎತ್ತರವನ್ನು ಆ ಕೋನದ ಟ್ಯಾನ್‌ನಿಂದ ಭಾಗಿಸಿದರೆ ನೆರಳಿನ ಉದ್ದ. ಕಾಸರಗೋಡಿನ ಅಕ್ಷಾಂಶ 12.5, ಸೊಲ್ಲಾಪುರದ್ದು 17.7. ಅಲ್ಲಿ ಕನ್ನಡ ಶಾಲೆಗೆ ಹೋಗುವ, ನಿಮ್ಮಷ್ಟೇ ಎತ್ತರದವರ ನೆರಳು ಆ ದಿನ ಎಷ್ಟು ಇರಬಹುದು?