ಮೊಲದ ಮರಿಗೆ ಮೊದಲು ಹುಲ್ಲು

ಮೊಲದ ಮರಿ ಮನೆಗೆ ಬಂದ ದಿನ ಮಕ್ಕಳು ಕ್ಯಾರೆಟ್ ಹಿಡಿದು ಓಡಿಬರುತ್ತಾರೆ, ದೊಡ್ಡವರು ಬಟ್ಟಲಲ್ಲಿ ಹಾಲಿಡುತ್ತಾರೆ. ಎರಡೂ ಬೇಡ. ಮರಿಯ ಕರುಳು ಬಲು ಸೂಕ್ಷ್ಮ. ಹಸುವಿನ ಹಾಲು, ಸಿಹಿ ಪದಾರ್ಥ ಎರಡರಿಂದಲೂ ಭೇದಿ ಶುರುವಾಗಬಹುದು, ಭೇದಿ ಹಿಡಿದ ಮರಿ ಒಂದೆರಡು ದಿನದಲ್ಲೇ ಸಾಯಬಹುದು.

ಕೊಳ್ಳುವಾಗಲೇ ವಯಸ್ಸು ವಿಚಾರಿಸಿ. ಎಂಟು ವಾರ ತುಂಬುವವರೆಗೆ ಮರಿ ತಾಯಿಯ ಜೊತೆಗಿರಬೇಕು. ಅದಕ್ಕಿಂತ ಚಿಕ್ಕದನ್ನು ಎಷ್ಟೇ ಮುದ್ದಾಗಿದ್ದರೂ ತರಬೇಡಿ. ಅಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಒಂದಷ್ಟು ಕೇಳಿ ತನ್ನಿ, ಮೊದಲ ವಾರ ಅದೇ ನಡೆಯಲಿ. ಆಮೇಲೆ ಹೊಸ ಆಹಾರವನ್ನು ಹಳೆಯದರ ಜೊತೆ ಬೆರೆಸುತ್ತ ಏಳೆಂಟು ದಿನಗಳಲ್ಲಿ ಬದಲಿಸಿ.

ಒಣಹುಲ್ಲು ಹಗಲೂ ರಾತ್ರಿಯೂ ಮುಂದಿರಲಿ. ಮೊಲದ ಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುತ್ತದೆ, ನಾರು ಅಗಿದರಷ್ಟೇ ಸವೆಯುತ್ತದೆ. ಕರುಳು ಚಲಿಸುವುದೂ ಆ ನಾರಿನಿಂದಲೇ. ಬೆಳೆಯುವ ಮರಿಗೆ ಪ್ರೋಟೀನ್, ಕ್ಯಾಲ್ಸಿಯಂ ಹೆಚ್ಚಿರುವ ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಬಹಳ ಒಳ್ಳೆಯದು. ಹಸಿಯದು ಸಿಕ್ಕರೆ ಚೆನ್ನಾಗಿ ಒಣಗಿಸಿ ಕೊಡಿ. ಬೂಷ್ಟು ಹಿಡಿದದ್ದನ್ನು ಎಸೆದುಬಿಡಿ. ಆರೇಳು ತಿಂಗಳ ಬಳಿಕ ಲೂಸರ್ನ್ ತಗ್ಗಿಸಿ ಮಾಮೂಲಿ ಹುಲ್ಲಿಗೆ ತನ್ನಿ. ಬೆಳೆದ ಮೊಲದಲ್ಲಿ ಅದರ ಕ್ಯಾಲ್ಸಿಯಂ ಮೂತ್ರಕೋಶದ ತೊಂದರೆಗೆ ದಾರಿಯಾಗುತ್ತದೆ.

ಮೊಲಕ್ಕೆಂದೇ ಮಾಡಿದ ಪೆಲೆಟ್ ಕೊಡಬಹುದು. ಬಣ್ಣಬಣ್ಣದ ಕಾಳು ಬೆರೆಸಿದ್ದು ಬೇಡ. ಅಗ್ಗವೆಂದು ಕೋಳಿ ಮೇವು ಹಾಕುವವರಿದ್ದಾರೆ, ಅದರಲ್ಲಿ ಬೆರೆಸುವ ಕೆಲವು ಔಷಧಗಳು ಮೊಲಕ್ಕೆ ವಿಷ.

ಹಸಿ ಸೊಪ್ಪಿಗೆ 12 ವಾರ ತುಂಬಲಿ. ಕೊತ್ತಂಬರಿ ಅಥವಾ ಪುದೀನದ ಒಂದೆರಡು ಎಲೆಯಿಂದ ಶುರುಮಾಡಿ, ಎರಡು ಮೂರು ದಿನ ಹಿಕ್ಕೆ ಗಮನಿಸಿ. ಗಟ್ಟಿಯಾಗಿ, ಗುಂಡಗೆ ಇದ್ದರೆ ಮಾತ್ರ ಇನ್ನೊಂದು ಸೊಪ್ಪು. ಮಾರುಕಟ್ಟೆಯ ಸೊಪ್ಪಿಗೆ ಕೀಟನಾಶಕ ಹೊಡೆದಿರುತ್ತಾರೆ, ನಾಲ್ಕಾರು ಸಲ ತೊಳೆಯಿರಿ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬೆಣ್ಣೆಹಣ್ಣು ಯಾವ ವಯಸ್ಸಿಗೂ ಸಲ್ಲ. ಅನ್ನ, ಚಪಾತಿ, ಬಿಸ್ಕತ್ತೂ ಅಷ್ಟೇ. ಕ್ಯಾರೆಟ್ ದೊಡ್ಡದಾದ ಮೇಲೆ, ಅಪರೂಪಕ್ಕೊಂದು ಸಣ್ಣ ಚೂರು.

ನೀರನ್ನು ಮಗುಚಲಾಗದ ಭಾರದ ಬಟ್ಟಲಲ್ಲಿಡಿ, ದಿನಾ ಬದಲಿಸಿ. ಬೇಸಿಗೆಯಲ್ಲಿ ಎರಡು ಹೊತ್ತು ನೋಡಿ.

ಮರಿ ಬಾಗಿ ತನ್ನದೇ ಮೆತ್ತನೆಯ ಹಿಕ್ಕೆಯನ್ನು ತಿನ್ನುವುದು ಕಂಡರೆ ಗದರಬೇಡಿ. ಮೊದಲ ಸುತ್ತಿನಲ್ಲಿ ದಕ್ಕದ ಪೋಷಕಾಂಶ, ಬಿ ವಿಟಮಿನ್‌ಗಳು ಅದಕ್ಕೆ ಸಿಗುವುದು ಹಾಗೆಯೇ.

ಹೆದರಬೇಕಾದದ್ದು ತಿನ್ನುವುದನ್ನೇ ಬಿಟ್ಟಾಗ. ಅರ್ಧ ದಿನ ಮರಿ ಏನೂ ಮುಟ್ಟದಿದ್ದರೆ, ಹಿಕ್ಕೆ ಹಾಕದಿದ್ದರೆ ಅಥವಾ ನೀರಾಗಿ ಹಾಕಿದರೆ ಮನೆಮದ್ದು ಮಾಡುತ್ತ ಕೂರಬೇಡಿ. ಮೊಲಕ್ಕೆ ಚಿಕಿತ್ಸೆ ಕೊಡುವ ಪಶುವೈದ್ಯರು ನಿಮ್ಮ ಊರಲ್ಲಿ ಯಾರೆಂದು ಮರಿ ತರುವ ಮುನ್ನವೇ ತಿಳಿದುಕೊಂಡು, ಅವರ ನಂಬರ್ ಬರೆದಿಟ್ಟುಕೊಳ್ಳಿ.