ಬೆಂಗಳೂರು ಎಷ್ಟು ದೂರ? ದಾರದ ಲೆಕ್ಕ, ಗಡಿಯಾರದ ಲೆಕ್ಕ



ರಜೆಗೆ ಊರಿಗೆ ಹೊರಡುವ ಮಾತು ಬಂದಾಗಲೆಲ್ಲ ಮಕ್ಕಳು ಕೇಳುತ್ತಾರೆ: "ಬೆಂಗಳೂರು ಎಷ್ಟು ದೂರ?" "ತುಂಬಾ ದೂರ ಪುಟ್ಟಾ" ಎಂದು ನಾವು ಜಾರಿಕೊಳ್ಳುತ್ತೇವೆ. ಈ ಸಲ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾವೇ ಲೆಕ್ಕ ಹಾಕೋಣ. ನಮ್ಮ ಸ್ಯಾನ್ ಫ್ರಾನ್ಸಿಸ್ಕೋದಿಂದಲೇ ಶುರು ಮಾಡೋಣ.

ದಾರದ ಲೆಕ್ಕ

ಇದಕ್ಕೆ ಗೋಡೆಯ ಭೂಪಟ ಸಾಲದು, ಗ್ಲೋಬ್ ಬೇಕು. ಎರಡೂ ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ಪೆಸಿಫಿಕ್ ಸಾಗರವನ್ನು ಅಡ್ಡಲಾಗಿ ದಾಟುವುದಿಲ್ಲ! ಉತ್ತರಕ್ಕೆ ಏರಿ ಅಲಾಸ್ಕಾ, ಆರ್ಕ್ಟಿಕ್ ಸಾಗರದ ಅಂಚು, ಸೈಬೀರಿಯಾ, ಮಂಗೋಲಿಯಾ, ಟಿಬೆಟ್ ಮೇಲೆ ಹಾದು ಕೆಳಗಿಳಿಯುತ್ತದೆ. ದುಂಡಗಿನ ಭೂಮಿಯ ಮೇಲೆ ಇದೇ ಹತ್ತಿರದ ದಾರಿ.

30 ಸೆಂ.ಮೀ. ಅಡ್ಡಳತೆಯ ಗ್ಲೋಬಿನ ಸುತ್ತಳತೆ ಸುಮಾರು 94 ಸೆಂ.ಮೀ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅಂದರೆ 1 ಸೆಂ.ಮೀ. ದಾರಕ್ಕೆ ಸುಮಾರು 425 ಕಿ.ಮೀ. ನಿಮ್ಮ ದಾರ 33 ಸೆಂ.ಮೀ. ಬಂದರೆ ದೂರ ಸುಮಾರು 14,000 ಕಿ.ಮೀ. ಏರ್ ಇಂಡಿಯಾ 2021ರ ಜನವರಿಯಲ್ಲಿ ಈ ಎರಡು ಊರುಗಳ ನಡುವೆ ನೇರ ವಿಮಾನ ಹಾರಿಸಿದಾಗ ಹೇಳಿದ ದೂರ 13,993 ಕಿ.ಮೀ. ದಾರ ಮೋಸ ಮಾಡಲಿಲ್ಲ!

ಗಡಿಯಾರದ ಲೆಕ್ಕ

ಮಹಿಳಾ ಪೈಲಟ್‌ಗಳೇ ನಡೆಸಿದ ಆ ಮೊದಲ ವಿಮಾನ ಜನವರಿ 9, ಶನಿವಾರ ರಾತ್ರಿ 8:30ಕ್ಕೆ ಹೊರಟು, ಸೋಮವಾರ ಬೆಳಗಿನ ಜಾವ 3:45ಕ್ಕೆ ಇಳಿಯಬೇಕೆಂದು ವೇಳಾಪಟ್ಟಿ ಇತ್ತು. ಗಡಿಯಾರ ನೋಡಿದರೆ 31 ಗಂಟೆ 15 ನಿಮಿಷ. ಆದರೆ ಚಳಿಗಾಲದಲ್ಲಿ ಭಾರತ ನಮಗಿಂತ ಹದಿಮೂರೂವರೆ ಗಂಟೆ ಮುಂದೆ. ಅದನ್ನು ಕಳೆದರೆ ಉಳಿಯುವುದು 17 ಗಂಟೆ 45 ನಿಮಿಷ.

ಗಂಟೆಗೆ 900 ಕಿ.ಮೀ. ವೇಗದಲ್ಲಿ ಹದಿನೈದೂವರೆ ಗಂಟೆ ಸಾಕಲ್ಲವೇ? ಸಾಲದು. ರನ್‌ವೇಗೆ ಹೋಗಿಬರುವುದು, ಏರುವುದು, ಇಳಿಯುವುದು, ಎದುರು ಗಾಳಿ, ಎಲ್ಲಕ್ಕೂ ಸಮಯ ಬೇಕು. ಜೊತೆಗೆ ವಿಮಾನ ದಾರದಂತೆ ನೇರ ಹೋಗುವುದೂ ಇಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ಸುಮಾರು 10,000 ಅಡಿಗೆ ಇಳಿಯಬೇಕು. ಟಿಬೆಟ್‌ನ ನೆಲವೇ ಅದಕ್ಕಿಂತ ಎತ್ತರ. ಹಾಗಾಗಿ ಬಳಸು ದಾರಿ.

ದಿನದ ಲೆಕ್ಕ

ಇದು ನಾನು ಪಾಠ ಕಲಿತ ಜಾಗ. ನಮ್ಮ ಅತ್ತೆಯವರು ಒಬ್ಬರೇ ಊರಿಗೆ ಹೊರಟಿದ್ದರು. ಟಿಕೆಟ್‌ನಲ್ಲಿ ಸೋಮವಾರ 3 ಗಂಟೆ ಎಂದಿತ್ತು. ನಾನು ಭಾವನಿಗೆ ಫೋನಿನಲ್ಲಿ "ಸೋಮವಾರ ರಾತ್ರಿ ಮೂರು ಗಂಟೆ" ಎಂದೆ. ನಮ್ಮ ಜನಕ್ಕೆ ದಿನ ಬದಲಾಗುವುದು ಸೂರ್ಯ ಹುಟ್ಟಿದ ಮೇಲೆ. ಅವರು ಮಂಗಳವಾರ ಬೆಳಗಿನ ಜಾವಕ್ಕೆ ಕಾರು ಹೇಳಿದ್ದರು! ಎಪ್ಪತ್ತು ದಾಟಿದ ಅತ್ತೆ ಸೂಟ್‌ಕೇಸ್ ಪಕ್ಕದಲ್ಲಿ ಎರಡು ಗಂಟೆ ಕಾದು ಕುಳಿತರು. "ಪರವಾಗಿಲ್ಲ ಬಿಡಪ್ಪ" ಅಂದರು. ನನಗೆ ಮಾತ್ರ ಇನ್ನೂ ಮರೆತಿಲ್ಲ. ಈಗ ನಾನು ಹೇಳುವುದು ಹೀಗೆ: "ಭಾನುವಾರ ರಾತ್ರಿ ಊಟ ಮಾಡಿ ಹೊರಡಿ, ಸೋಮವಾರ ಬೆಳಗಿನ ಜಾವ ಇಳಿಯುತ್ತಾರೆ."

ಮಕ್ಕಳಿಗೊಂದು ಪ್ರಶ್ನೆ: ಚಳಿಗಾಲದಲ್ಲಿ ಬೆಂಗಳೂರನ್ನು ಮಧ್ಯಾಹ್ನ 2ಕ್ಕೆ ಬಿಟ್ಟ ವಿಮಾನ ಅದೇ ದಿನ ಸಂಜೆ 5ಕ್ಕೆ ಇಲ್ಲಿ ಇಳಿದರೆ, ಹಾರಿದ್ದು ಎಷ್ಟು ಹೊತ್ತು? (ಸುಳಿವು: ಈ ಸಲ ಕಳೆಯಬೇಡಿ, ಕೂಡಿಸಿ.)

ಉತ್ತರ: ಹದಿನಾರೂವರೆ ಗಂಟೆ.

ನಿಮ್ಮ ಪ್ರಯಾಣ ಸುಖಕರವಾಗಿರಲಿ!